ಎದೆಗೆ ಬಿದ್ದ ಚೆಂಡು, ತಾಳ ತಪ್ಪಿದ ಹೃದಯ

ಪ್ರಶ್ನೆ: ಹದಿನಾಲ್ಕರ ಮಗ ಲೆದರ್ ಚೆಂಡಿನಲ್ಲಿ ಕ್ರಿಕೆಟ್ ಆಡುತ್ತಾನೆ. ಎದೆಗೆ ಚೆಂಡು ಬಡಿದು ಗಟ್ಟಿಮುಟ್ಟಾದ ಹುಡುಗರೂ ಸತ್ತದ್ದುಂಟಂತೆ. ಪಕ್ಕೆಲುಬೂ ಮುರಿಯದ ಪೆಟ್ಟಿಗೆ ಹೃದಯ ನಿಲ್ಲುವುದು ಹೇಗೆ?

ಉತ್ತರ: ಅಪರೂಪ, ಆದರೆ ನಿಜ. ಇದಕ್ಕೆ ಕೊಮೋಷಿಯೊ ಕಾರ್ಡಿಸ್ ಎನ್ನುತ್ತಾರೆ. ಇಲ್ಲಿ ಪೆಟ್ಟಿನ ಜೋರಿಗಿಂತ ಅದು ಬಿದ್ದ ಗಳಿಗೆ ಮುಖ್ಯ. ಪ್ರತಿ ಬಡಿತ ಮುಗಿದ ಮೇಲೆ ಹೃದಯದ ಕೆಳಕೋಣೆಗಳ ಕೋಶಗಳು ಮುಂದಿನದಕ್ಕೆ ಮತ್ತೆ ಸಜ್ಜಾಗಬೇಕು; ಇಸಿಜಿಯಲ್ಲಿ ಅದೇ ಟಿ ಅಲೆ. ಅಲೆ ತುದಿ ಮುಟ್ಟುವುದಕ್ಕೆ ಸುಮಾರು 15ರಿಂದ 30 ಮಿಲಿಸೆಕೆಂಡ್ ಮೊದಲು ಕೆಲವು ಕೋಶಗಳು ಸಜ್ಜಾಗಿರುತ್ತವೆ, ಉಳಿದವು ಇನ್ನೂ ಆಗಿರುವುದಿಲ್ಲ. ಸರಿಯಾಗಿ ಆಗಲೇ ಎದೆಯಲ್ಲಿ ಹೃದಯವಿರುವ ಜಾಗಕ್ಕೆ ನೇರವಾಗಿ ಚೆಂಡು ಬಡಿದರೆ ಎಡಕೋಣೆಯ ಒತ್ತಡ ದಿಢೀರನೆ ಏರಿ, ಕೋಶಪೊರೆ ಜಗ್ಗಿ, ವಿದ್ಯುತ್ ಸಂಕೇತ ಅಡ್ಡಾದಿಡ್ಡಿ ಸುತ್ತತೊಡಗುತ್ತದೆ. ಕೋಣೆಗಳು ಬಡಿಯುವ ಬದಲು ಬರೀ ಅದುರುತ್ತವೆ, ರಕ್ತ ಹೊರಗೆ ಹೋಗುವುದಿಲ್ಲ. ಇದು ವೆಂಟ್ರಿಕ್ಯುಲರ್ ಫಿಬ್ರಿಲೇಷನ್. ಹೃದಯದ ಮಾಂಸದಲ್ಲಿ ಗಾಯ ಹುಡುಕಿದರೂ ಸಿಗದು.

ಹಂದಿಮರಿಗಳ ಮೇಲಿನ ಪ್ರಯೋಗಗಳಲ್ಲಿ ಅತಿ ಹೆಚ್ಚು ಸಲ ತಾಳ ತಪ್ಪಿದ್ದು ಗಂಟೆಗೆ 64 ಕಿ.ಮೀ. ಸುಮಾರಿನ ವೇಗದಲ್ಲಿ. ಅಂದರೆ ವೇಗದ ಬೌಲರೇ ಬೇಕಿಲ್ಲ, ಅಭ್ಯಾಸದ ಎಸೆತವೂ ಸಾಕು. ಚೆಂಡು ಚಿಕ್ಕದಾಗಿ, ಗಟ್ಟಿಯಾಗಿದ್ದಷ್ಟೂ ಅಪಾಯ ಜಾಸ್ತಿ. ಹುಡುಗರ ಎದೆಗೂಡು ತೆಳು, ಸುಲಭವಾಗಿ ಬಾಗುತ್ತದೆ. ಬಲಿಯಾದವರಲ್ಲಿ ಹದಿಹರೆಯದ ಗಂಡುಮಕ್ಕಳೇ ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ನಾನು ಕೋಚ್. ಮೈದಾನದಲ್ಲಿ ಹೀಗಾದರೆ ಮೊದಲು ಮಾಡಬೇಕಾದ್ದೇನು?

ಉತ್ತರ: ಪೆಟ್ಟು ತಿಂದವನು ಒಂದೆರಡು ಹೆಜ್ಜೆ ಇಟ್ಟು, ಚೆಂಡು ಎತ್ತಿ ಎಸೆದು ಆಮೇಲೆ ಕುಸಿಯಬಹುದು. 'ಉಸಿರು ಕಟ್ಟಿದೆ, ಸರಿಹೋಗುತ್ತಾನೆ' ಎಂದು ಕಾಯುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಕೂಗಿದರೆ ಓಗೊಡದೆ, ಉಸಿರಾಟ ಸಹಜವಾಗಿಲ್ಲದಿದ್ದರೆ ಹೃದಯ ನಿಂತಿದೆ ಎಂದೇ ತಿಳಿಯಿರಿ. ನಡುನಡುವೆ ಬಾಯಿ ತೆರೆದು ಗೊರಗೊರ ಎನ್ನುವುದು ಉಸಿರಾಟವಲ್ಲ. ಕೈಕಾಲು ಅದುರಿದರೆ ಮೂರ್ಛೆರೋಗವೆಂದು ಮೋಸಹೋಗಬೇಡಿ.

ಒಬ್ಬರು ಆಂಬುಲೆನ್ಸ್‌ಗೆ ಕರೆಮಾಡಲಿ, ಇನ್ನೊಬ್ಬರು ಎಇಡಿ ಯಂತ್ರಕ್ಕೆ (ಹೃದಯದ ತಾಳ ಸರಿಪಡಿಸಲು ವಿದ್ಯುತ್ ಶಾಕ್ ಕೊಡುವ ಯಂತ್ರ) ಓಡಲಿ. ನೀವು ಎದೆಮೂಳೆಯ ಕೆಳ ಅರ್ಧದ ಮೇಲೆ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತಿ, ಚಿಕ್ಕ ಮಕ್ಕಳಿಗೆ ಎದೆಯ ದಪ್ಪದ ಮೂರನೇ ಒಂದು ಭಾಗದಷ್ಟು. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲಿ. ತರಬೇತಿ ಇದ್ದರೆ 30 ಒತ್ತಿಗೆ 2 ಉಸಿರು.

ಯಂತ್ರ ಬಂದೊಡನೆ ಜರ್ಸಿ, ಗಾರ್ಡ್ ಕಿತ್ತುಹಾಕಿ, ಬೆವರು ಒರೆಸಿ. ಒದ್ದೆ ಚರ್ಮಕ್ಕೆ ಪ್ಯಾಡ್ ಅಂಟದು. ಒಂದು ಪ್ಯಾಡ್ ಬಲ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳ ಕೆಳಗೆ ಪಕ್ಕೆಗೆ. ಶಾಕ್ ಕೊಟ್ಟ ಮರುಕ್ಷಣ ನಾಡಿ ಹುಡುಕುತ್ತ ಕೂರದೆ ಮತ್ತೆ ಒತ್ತಲು ಶುರುಮಾಡಿ. ಕುಸಿದ 3 ನಿಮಿಷದೊಳಗೆ ಶಾಕ್ ಸಿಗಬೇಕು ಎಂದಿಟ್ಟುಕೊಳ್ಳಿ. ಬೀಗ ಹಾಕಿದ ಕಚೇರಿಯಲ್ಲಿರುವ ಎಇಡಿ ಇದ್ದೂ ಇಲ್ಲದಂತೆ. 2023ರ ಜನವರಿ 2ರಂದು ಅಮೆರಿಕನ್ ಫುಟ್‌ಬಾಲ್ ಆಟಗಾರ ಡಮಾರ್ ಹ್ಯಾಮ್ಲಿನ್ ಕುಸಿದಾಗ ಅವರನ್ನು ಉಳಿಸಿದ್ದು ಮೈದಾನದಲ್ಲೇ ಸಿಕ್ಕ ಇದೇ ಚಿಕಿತ್ಸೆ.

ಪ್ರಶ್ನೆ: ಚೆಸ್ಟ್ ಗಾರ್ಡ್ ಹಾಕಿದರೆ ಸಾಕಲ್ಲವೆ?

ಉತ್ತರ: ಸಾಲದು. ಗಾರ್ಡ್ ಹಾಕಿದ್ದವರಲ್ಲೂ ಹೀಗಾಗಿದೆ. ಮಾಮೂಲಿ ಫೋಮ್ ಗಾರ್ಡ್ ನೋವು ತಪ್ಪಿಸಲು ಮಾಡಿದ್ದು. ಕೈ ಎತ್ತಿದಾಗ ಸರಿದು ಹೃದಯದ ಜಾಗ ತೆರೆದುಬಿಡುವುದೂ ಉಂಟು. ಕೊಮೋಷಿಯೊ ಕಾರ್ಡಿಸ್‌ಗೆಂದೇ ಪರೀಕ್ಷಿಸಿದ, ನಾಕ್ಸೆ (NOCSAE, ಕ್ರೀಡಾ ಸಲಕರಣೆಗಳಿಗೆ ಸುರಕ್ಷತಾ ಮಾನದಂಡ ರೂಪಿಸುವ ಅಮೆರಿಕದ ಸಂಸ್ಥೆ) ಮಾನದಂಡದ ಗಾರ್ಡ್‌ಗಳಿವೆ, ಸಿಕ್ಕರೆ ಅದನ್ನೇ ಕೊಳ್ಳಿ. ಚಿಕ್ಕವರಿಗೆ ಮೆದು ಚೆಂಡು ಕೊಡಿ. ಚೆಂಡಿಗೆ ಎದೆಯೊಡ್ಡಿ ತಡೆಯುವುದನ್ನು ಮಾತ್ರ ಯಾರಿಗೂ ಕಲಿಸಬೇಡಿ.

ಪ್ರಶ್ನೆ: ಪೆಟ್ಟು ಬಿದ್ದು ಎರಡು ದಿನವಾಯಿತು, ಕುಸಿಯಲಿಲ್ಲ. ಆದರೆ ಎದೆ ಡವಡವ ಎನ್ನುತ್ತದೆ.

ಉತ್ತರ: ಕೊಮೋಷಿಯೊ ಕಾರ್ಡಿಸ್ ಆಗಿದ್ದರೆ ಆ ಕ್ಷಣದಲ್ಲೇ ಆಗುತ್ತಿತ್ತು. ಹೃದಯದ ಸ್ನಾಯು ಜಜ್ಜಿರಬಹುದೇ ಎಂದು ಇಸಿಜಿ ಮತ್ತು ಟ್ರೋಪೋನಿನ್ ರಕ್ತಪರೀಕ್ಷೆ ಇಂದೇ ಮಾಡಿಸಿ. ವ್ಯತ್ಯಾಸ ಕಂಡರೆ ಎಕೋ ಹಾಗೂ ಆಸ್ಪತ್ರೆಯಲ್ಲಿ ಮಾನಿಟರ್ ಬೇಕಾಗುತ್ತದೆ. ತಲೆಸುತ್ತು, ಉಬ್ಬಸ, ಕಣ್ಣು ಕತ್ತಲಿಡುವುದು ಇದ್ದರೆ ಅಪಾಯಿಂಟ್‌ಮೆಂಟ್ ಕಾಯದೆ ನೇರ ತುರ್ತು ವಿಭಾಗಕ್ಕೆ ಹೋಗಿ. ವೈದ್ಯರು ಹೇಳುವವರೆಗೆ ಆಟ ಬೇಡ.