ಅಪ್ಪಿಯಾ ರಸ್ತೆಯ ಹಳೇ ಕಲ್ಲು ಎಲ್ಲಿಂದ ಶುರು?

ರೋಮ್‌ನಲ್ಲಿ ಅರ್ಧ ದಿನವಷ್ಟೇ ಇದೆ, ಪ್ರಾಚೀನ ರೋಮನ್ನರ ಅಪ್ಪಿಯಾ ರಸ್ತೆಯ ಅಸಲಿ ಕಲ್ಲುಹಾಸು ಎಲ್ಲಿ ನೋಡಲಿ ಅಂತ ಕೇಳಿದ್ದೀರಿ, ಅಲ್ವಾ? ಹಳೇ ಕೋಟೆಗೋಡೆಯ ಸಾನ್ ಸೆಬಾಸ್ಟಿಯಾನೋ ಬಾಗಿಲಿನಿಂದ ಸುಮ್ನೆ ನಡೆಯಬೇಡಿ. ಆ ಕಡೆ ರಸ್ತೆ ಇಕ್ಕಟ್ಟು, ಕಾರುಗಳ ಕಾಟ ಜಾಸ್ತಿ. ಸೀದಾ ಅದೇ ರಸ್ತೆಯಲ್ಲಿರುವ, ರೋಮನ್ ಶ್ರೀಮಂತೆ ಚೆಚಿಲಿಯಾ ಮೆಟೆಲ್ಲಾಳ ಸಮಾಧಿಗೆ ಹೋಗಿ, ಅಲ್ಲಿಂದ ಊರಿಗೆ ಬೆನ್ನು ಹಾಕಿ ನಡೆಯಿರಿ. ಮುಂದೆ ಅಲ್ಲಲ್ಲಿ ಕಪ್ಪು ಲಾವಾ ಕಲ್ಲಿನ ದಪ್ಪ ಚಪ್ಪಡಿಗಳು ಸಿಗುತ್ತವೆ. ಅಂಚು ಸವೆದು ಆಮೆ ಬೆನ್ನಿನ ಹಾಗಿವೆ. ಕೆಲವು ಕಡೆ ಗಾಡಿ ಚಕ್ರ ಕೊರೆದ ಗೆರೆಯೂ ಕಾಣುತ್ತದೆ. ಅಗಲ ಸುಮಾರು 4 ಮೀಟರ್, ಎದುರುಬದುರು ಎರಡು ಗಾಡಿ ಹೋಗುವಷ್ಟು.

ಕ್ರಿ.ಪೂ. 312ರಲ್ಲಿ, ಇಟಲಿಯ ಗುಡ್ಡಗಾಡಿನ ಸಾಮ್ನೈಟ್ ಜನರ ಜೊತೆ ರೋಮನ್ನರ ಯುದ್ಧ ನಡೆಯುವಾಗ, ಸೈನ್ಯ ಸಾಗಿಸಲು ಶುರುಮಾಡಿದ ದಾರಿ ಇದು. ಆಗ ಬರೀ ಜಲ್ಲಿ ರಸ್ತೆ. ಕಲ್ಲು ಹಾಸಿದ್ದು ಆಮೇಲೆ.

ಸೈಕಲ್ ಬಾಡಿಗೆಗೆ ತಗೊಂಡರೆ ಸೊಂಟದ ಆಸೆ ಬಿಡಿ. ಗಟ್ಟಿ ಅಟ್ಟೆಯ ಶೂ ಸಾಕು.