ಕುಂಟುವ ನಾಟಿ ಕೋಳಿ: ಮೊದಲು ಅಂಗಾಲು ನೋಡಿ

ಹೇಂಟೆ ಎರಡು ದಿನದಿಂದ ಒಂದು ಕಾಲು ಎತ್ತಿಕೊಂಡೇ ಕುಂಟುತ್ತಿದೆ, ಕಾಳು ಮಾತ್ರ ಚೆನ್ನಾಗಿ ತಿನ್ನುತ್ತಿದೆ ಅಂದಿದ್ದೀರಿ ಅಲ್ವಾ, ಹಾಗಿದ್ದರೆ ಮೊದಲು ಹಿಡಿದು ಅಂಗಾಲು ತಿರುಗಿಸಿ ನೋಡಿ. ನಡುವೆ ಕಪ್ಪು ಹಕ್ಕಳೆ, ಸುತ್ತ ಊತ ಇದ್ದರೆ ಮುಳ್ಳೋ ಗಾಜಿನ ಚೂರೋ ಚುಚ್ಚಿ ಒಳಗೆ ಕೀವಾಗಿರುತ್ತದೆ. ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಹತ್ತು ನಿಮಿಷ ಅದ್ದಿ, ಒರೆಸಿ, ಪೊವಿಡೋನ್ ಅಯೋಡಿನ್ ಹಚ್ಚಿ ಬಟ್ಟೆ ಸುತ್ತಿ. ಸುಮ್ನೆ ಬ್ಲೇಡ್ ಹಾಕಿ ಕೆರೆಯಬೇಡಿ, ಗಾಯ ಜಾಸ್ತಿಯಾಗುತ್ತದೆ. ಒಣ ಹುಲ್ಲು ಹಾಸಿ ಬೇರೆ ಇಡಿ, ಇಲ್ಲದಿದ್ದರೆ ಉಳಿದ ಕೋಳಿಗಳು ಕುಕ್ಕಿ ಕುಕ್ಕಿ ಸಾಯಿಸಿಬಿಡುತ್ತವೆ. ಕೂತಲ್ಲೇ ನೀರು ಸಿಗಬೇಕು.

ಅಂಗಾಲು ಸರಿಯಿದ್ದು, ಒಂದು ಕಾಲು ಮುಂದೆ ಇನ್ನೊಂದು ಹಿಂದೆ ಚಾಚಿ ಬಿದ್ದರೆ ಅದು ಮ್ಯಾರೆಕ್ಸ್ ರೋಗ (ಕೋಳಿಯ ನರಗಳಿಗೆ ತಗಲುವ ವೈರಸ್ ರೋಗ) ಇರಬಹುದು. ಅದಕ್ಕೆ ಔಷಧಿ ಇಲ್ಲ, ಮರಿಗೆ ಮೊದಲ ದಿನವೇ ಹಾಕುವ ಲಸಿಕೆ ಮಾತ್ರ. ಕತ್ತು ತಿರುಚಿದ್ದರಂತೂ ಕಾಯಬೇಡಿ, ಅವತ್ತೇ ಪಶು ಆಸ್ಪತ್ರೆಗೆ ಒಯ್ಯಿರಿ.