ಉಡುಪಿ ಕಡೆ ನಾಲ್ಕು ದಿನ: ಹೋಂಸ್ಟೇ ಕಡಲ ಹತ್ತಿರ ಹಿಡಿಯಲಾ, ಘಟ್ಟದ ಹತ್ತಿರವಾ?

ಡಿಸೆಂಬರಿನಲ್ಲಿ ಹುಬ್ಬಳ್ಳಿಯಿಂದ ನಿಮ್ಮದೇ ಕಾರಿನಲ್ಲಿ ಬರುತ್ತೀರಿ, ಜೊತೆಗೆ ಅಪ್ಪ, ಅಮ್ಮ, ಇಬ್ಬರು ಮಕ್ಕಳು. ದಿನಕ್ಕೊಂದು ಲಾಡ್ಜ್ ಬೇಡ, ಒಂದೇ ಹಳ್ಳಿ ಮನೆಯಲ್ಲಿ ಉಳಿದು ಸುತ್ತಬೇಕು. ಮಲ್ಪೆ ಹತ್ತಿರ ಹಿಡಿಯಲಾ, ಆಗುಂಬೆ ಬುಡದಲ್ಲಾ ಅಂತ ಕೇಳಿದ್ದೀರಿ.

ಎರಡೂ ಬೇಡ. ಕಾರ್ಕಳದ ಸುತ್ತಮುತ್ತ ನೋಡಿ. ನನ್ನೂರು ಅದೇ ಕಡೆ, ಹಾಗಾಗಿ ಸ್ವಲ್ಪ ಊರಭಿಮಾನ ಇದ್ದೀತು. ಆದರೆ ಅಲ್ಲಿಂದ ದಿನಾ ಮಣಿಪಾಲಕ್ಕೆ ಕೆಲಸಕ್ಕೆ ಹೋಗಿ ಬರುವವನು ನಾನು, ರಸ್ತೆಯ ಲೆಕ್ಕ ಗೊತ್ತು. ಉಡುಪಿಗೆ ಸುಮಾರು 38 ಕಿಲೋಮೀಟರ್, ಹೆಬ್ರಿಗೆ 30ರ ಆಸುಪಾಸು, ಮೂಡುಬಿದಿರೆಯಂತೂ 18. ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಯಾವ ದಿಕ್ಕಿಗೆ ಹೋದರೂ ದೀಪ ಹಚ್ಚುವ ಹೊತ್ತಿಗೆ ವಾಪಸ್ ಬರಬಹುದು. ನನ್ನ ಪ್ರಕಾರ ಅದೇ ಮುಖ್ಯ. ಹಳ್ಳಿ ಮನೆಯ ಮಜಾ ಇರುವುದು ಸಂಜೆ ಹೊತ್ತಿನಲ್ಲಿ. ಅಂಗಳದಲ್ಲಿ ಒಣ ಹಾಕಿದ ಅಡಿಕೆ, ಬಚ್ಚಲ ಒಲೆಗೆ ತೆಂಗಿನ ಸಿಪ್ಪೆ ತುರುಕುವಾಗ ಏಳುವ ಹೊಗೆ, ಹಂಡೆ ನೀರಿನ ಸ್ನಾನ. ರಾತ್ರಿ ಒಂಬತ್ತಕ್ಕೆ ಸುಸ್ತಾಗಿ ಬಂದು ಮಲಗುವುದಾದರೆ ಉಡುಪಿ ಪೇಟೆಯ ಲಾಡ್ಜೇ ಸಾಕು, ಸುಮ್ನೆ ಯಾಕೆ ತೋಟಕ್ಕೆ ಬರಬೇಕು?

ಇನ್ನು ಮನೆ ಆರಿಸುವುದು. ಫೋಟೊ ನೋಡಿ ಬುಕ್ ಮಾಡಬೇಡಿ, ಫೋನ್ ಮಾಡಿ ಮಾತಾಡಿ. ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ಒಂದು ಜೂನಿನಲ್ಲಿ ಬೆಂಗಳೂರಿನಿಂದ ಮಾವನವರ ಮನೆಯವರೆಲ್ಲ ಬಂದರು. ನಮ್ಮಲ್ಲಿ ಜಾಗ ಸಾಲದೆಂದು ಒಂದು ಹೋಂಸ್ಟೇ ಹೇಳಿದೆ. ಕಾರು ಬರ್ತದಾ ಎಂದು ಕೇಳಿದ್ದೆ. 'ಬರ್ತದೆ ಮಾರಾಯ್ರೆ' ಅಂದಿದ್ದರು. ಹೋಗಿ ನೋಡಿದರೆ ಮನೆಗಿಂತ ಇನ್ನೂರು ಹೆಜ್ಜೆ ಮೊದಲೇ ತೋಡು, ಅಂದರೆ ಸಣ್ಣ ಹಳ್ಳ, ಮೇಲೆ ಎರಡು ಅಡಿಕೆ ಮರ ಜೋಡಿಸಿ ಹಾಕಿದ ಸಂಕ (ಕಾಲುಸೇತುವೆ), ಹಿಡಿಯಲು ಕೈಗೆ ಒಂದು ಬಿದಿರು. ತೋಡು ಒಣಗಿದಾಗ ಕಾರು ಅದರೊಳಗೇ ಇಳಿದು ಹತ್ತಿ ಹೋಗುತ್ತದಂತೆ. ನಾವು ಹೋದದ್ದು ನೀರು ಕೆಂಪಗೆ ತುಂಬಿ ಹರಿಯುವಾಗ. ಮಂಡಿನೋವಿನ ಮಾವ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬಿದಿರು ಹಿಡಿದು ಪಾದ ಅಡ್ಡಡ್ಡ ಇಡುತ್ತಾ ದಾಟಿದರು. ಆಚೆ ದಡ ಮುಟ್ಟಿದ ಮೇಲೆ, 'ಅಳಿಯಂದಿರೇ, ನೀವು ಹೋಂಸ್ಟೇ ಅಂದ್ರಿ, ಸರ್ಕಸ್ ಅಂತ ಹೇಳಲೇ ಇಲ್ವಲ್ಲ' ಅಂದರು. ಮನೆಯವರು ಸುಳ್ಳೇನೂ ಹೇಳಿರಲಿಲ್ಲ. ಯಾವ ತಿಂಗಳಲ್ಲಿ, ಎಲ್ಲಿಯವರೆಗೆ ಬರ್ತದೆ ಎಂದು ನಾನು ಕೇಳಿರಲಿಲ್ಲ.

ಹಾಗಾಗಿ ಮೊದಲು ಅದನ್ನೇ ಕೇಳಿ. ಆಮೇಲೆ ಬಚ್ಚಲು, ಪಾಯಿಖಾನೆ ರೂಮಿಗೆ ಸೇರಿಕೊಂಡೇ ಇದೆಯಾ, ಅಪ್ಪನಿಗೆ ಕುಳಿತುಕೊಳ್ಳುವ ಕಮೋಡ್ ಇದೆಯಾ ಎಂದು. ಹಳೇ ಮನೆಗಳಲ್ಲಿ ಇವು ಅಂಗಳ ದಾಟಿ ಇರುವುದು ಮಾಮೂಲು. ಮನೆಯವರು ಅಲ್ಲೇ ವಾಸ ಇದ್ದಾರಾ, ಕೀಲಿಕೈ ಕೊಟ್ಟು ಹೋಗುತ್ತಾರಾ ಎಂದೂ ಕೇಳಿ. ವಾಸ ಇರುವ ಮನೆಯೇ ಬೇಕು. ಮೀನು ತಿನ್ನುವವರಾದರೆ ಮೊದಲೇ ವಿಚಾರಿಸಿ, ನಮ್ಮ ಕಡೆ ಜೈನರ, ಬ್ರಾಹ್ಮಣರ ಮನೆಗಳೂ ಜಾಸ್ತಿ. ಮಕ್ಕಳಿಗೆ ಕುಚ್ಚಲಕ್ಕಿ ಅನ್ನ ಒಗ್ಗದಿದ್ದರೆ ಬೆಳ್ತಿಗೆ (ಬಿಳಿ ಅಕ್ಕಿ) ಅನ್ನ ಮಾಡಿ ಎನ್ನಿ, ಬೇಸರ ಮಾಡಿಕೊಳ್ಳುವುದಿಲ್ಲ. ರೊಟ್ಟಿ ಮಾತ್ರ ಕೇಳಬೇಡಿ. ಇಲ್ಲಿ ರೊಟ್ಟಿ ಅಂದರೆ ಕೋರಿ ರೊಟ್ಟಿ, ಅಕ್ಕಿಯದು, ಹಪ್ಪಳದ ಹಾಗೆ ಗರಿಗರಿ. ಅದರ ಮೇಲೆ ಕೋಳಿ ಸಾರು ಸುರಿದುಕೊಂಡು ತಿನ್ನುವುದು.

ತಿರುಗಾಟಕ್ಕೆ ದಿನಕ್ಕೊಂದೇ ದಿಕ್ಕು ಸಾಕು. ಕಡಲ ದಿನ ಬೆಳಿಗ್ಗೆ ಬೇಗ ಮಲ್ಪೆ, ಅಲ್ಲಿಂದ ದೋಣಿಯಲ್ಲಿ ಸೈಂಟ್ ಮೇರೀಸ್ ದ್ವೀಪ. ಲಾವಾ ಆರಿ ಕಂಬ ಕಂಬವಾಗಿ ನಿಂತ ಕಲ್ಲುಗಳನ್ನು ಮಕ್ಕಳಿಗೆ ತೋರಿಸಿ. ಮಧ್ಯಾಹ್ನ ಕೃಷ್ಣ ಮಠದಲ್ಲಿ ದರ್ಶನ, ಊಟ. ವಾಪಸ್ ಕಾಪು ಮೇಲೆ ಬನ್ನಿ. 1901ರ ದೀಪಸ್ತಂಭದ ಬುಡದ ಬಂಡೆ ಮೇಲೆ ಕೂತು ಸೂರ್ಯಾಸ್ತ ನೋಡಿ, ಪಡುಬಿದ್ರಿಯಲ್ಲಿ ಎಡಕ್ಕೆ ತಿರುಗಿದರೆ ಬೆಳ್ಮಣ್ ದಾರಿಯಾಗಿ ಕಾರ್ಕಳ. ಅದೊಂದು ದಿನ ತಡವಾಗುತ್ತದೆ, ಆಗಲಿ ಬಿಡಿ.

ಘಟ್ಟದ ದಿನ ವರಂಗದ ಕೆರೆ ಬಸದಿ ಬಿಡಬೇಡಿ. ಕೆರೆಯ ನಡುವೆ ಬಸದಿ, ಪುಟ್ಟ ದೋಣಿಯಲ್ಲೇ ಹೋಗಬೇಕು. ಅಲ್ಲಿಂದ ಹೆಬ್ರಿ, ಸೋಮೇಶ್ವರ, ಆಗುಂಬೆ. ಎಲ್ಲರೂ ಆಗುಂಬೆ ಸೂರ್ಯಾಸ್ತ ಅನ್ನುತ್ತಾರೆ. ಆಮೇಲೆ ಕತ್ತಲಲ್ಲಿ 14 ಹೇರ್‌ಪಿನ್ ತಿರುವು ಇಳಿಯುವ ಮಾತು ಯಾರೂ ಹೇಳುವುದಿಲ್ಲ. ನೀವು ಬೆಳಿಗ್ಗೆ ಹತ್ತಿ, ಮಧ್ಯಾಹ್ನ ಇಳಿಯಿರಿ.

ಕಾರ್ಕಳದ ಗೊಮ್ಮಟ ಬೆಟ್ಟಕ್ಕೆ ಬೆಳಿಗ್ಗೆ ಏಳಕ್ಕೇ ಹೋಗಿ. 42 ಅಡಿಯ ಮೂರ್ತಿ, 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ್ದು. ಬಿಸಿಲೇರಿದರೆ ಆ ಬಂಡೆಯ ಮೇಲೆ ಬರಿಗಾಲಲ್ಲಿ ಕುಣಿಯಬೇಕಾಗುತ್ತದೆ. ಎದುರಿಗೇ ಚತುರ್ಮುಖ ಬಸದಿ, ಆಮೇಲೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ. ಅಲ್ಲಿಗೆ ಒಂದು ದಿನ ಮುಗಿಯಿತು.

ಮಂಗಳೂರು ಈ ಸಲ ಬಿಡಿ. ಮರವಂತೆಗೆ ಬೇರೆ ದಿನ ಬೇಡ, ಅಂಕೋಲಾ ಇಳಿದು ಹೆದ್ದಾರಿಯಲ್ಲೇ ಬಂದರೆ ನಿಮ್ಮ ದಾರಿಯಲ್ಲೇ ಸಿಗುತ್ತದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಗಾಡಿ ಬದಿಗೆ ಹಾಕಿ ಅರ್ಧ ಗಂಟೆ ನಿಲ್ಲಿ.

ಹಾಂ, ಡಿಸೆಂಬರ್ ಅಂದರೆ ಯಕ್ಷಗಾನ ಮೇಳಗಳ ತಿರುಗಾಟದ ಸಮಯ. ಹತ್ತಿರ ಎಲ್ಲಾದರೂ ಆಟ ಉಂಟಾ ಎಂದು ಮನೆಯವರನ್ನು ದಿನಾ ಕೇಳುತ್ತಿರಿ. ಹರಕೆ ಬಯಲಾಟಕ್ಕೆ ಟಿಕೆಟ್ ಇಲ್ಲ. ಕಾಲಮಿತಿ ಆಟವಾದರೆ ಮಧ್ಯರಾತ್ರಿ ಹೊತ್ತಿಗೆ ಮುಗಿಯುತ್ತದೆ. ಮಕ್ಕಳಿಗೆ ಒಂದು ಬೆಡ್‌ಶೀಟ್ ತೆಗೆದುಕೊಂಡು ಹೋಗಿ, ಚಂಡೆ ಸದ್ದಿಗೂ ಏಳದೆ ನಿದ್ದೆ ಮಾಡುತ್ತವೆ.

ಒಂದೆರಡು ಮನೆ ಗುರುತು ಮಾಡಿಕೊಂಡರೆ ಊರಿನ ಹೆಸರು ಇಲ್ಲೇ ಹಾಕಿ. ತೋಡು ಎಲ್ಲಿದೆ, ಸಂಕ ಎಂತದ್ದು ಅಂತ ನೋಡಿ ಹೇಳುತ್ತೇನೆ.